ಪೆನ್ಸಿಲ್ ಕಡ್ಡಿಗೆ ಚಿನ್ನ ಹಚ್ಚಿ ಮಾತ್ರೆ ಅಳೆದೆ

"ಎಚ್‌ಪಿಎಲ್‌ಸಿ ಇರುವಾಗ ಈ ಪೆನ್ಸಿಲ್ ಕಡ್ಡಿ ಯಾಕೆ ಮೇಡಂ?" ಅಂತ ನಕ್ಕವರು ನಮ್ಮ ವಿಭಾಗದಲ್ಲೇ ಇದ್ದರು. ಎಚ್‌ಪಿಎಲ್‌ಸಿ ಅಂದರೆ ಮಿಶ್ರಣವನ್ನು ಬೇರ್ಪಡಿಸಿ ಔಷಧಿ ಎಷ್ಟಿದೆ ಅಂತ ಅಳೆಯುವ ಯಂತ್ರ. ನನ್ನದು ಚಿನ್ನದ ನ್ಯಾನೊಕಣ ಹಚ್ಚಿದ ಪೆನ್ಸಿಲ್ ಕಡ್ಡಿಯ ಸೆನ್ಸರ್: ವೋಲ್ಟೇಜ್ ಏರಿಸುತ್ತಾ ಹೋದರೆ ಔಷಧಿ ಆಕ್ಸಿಡೈಸ್ ಆಗುವ ಕಡೆ ಕರೆಂಟ್ ಏರಿ ಪೀಕ್ ಬರುತ್ತದೆ, ಅದರ ಎತ್ತರದಿಂದ ಪ್ರಮಾಣ ಗೊತ್ತಾಗುತ್ತದೆ. ಕಳೆದ ತಿಂಗಳು ಒಂದೇ ಬ್ಯಾಚಿನ ಪ್ಯಾರಾಸಿಟಮಾಲ್ 650 ಮಾತ್ರೆಯನ್ನು ಎರಡೂ ಕಡೆ ಹಾಕಿದೆವು. ಎಚ್‌ಪಿಎಲ್‌ಸಿ ಸುಮಾರು 647 ಮಿಲಿಗ್ರಾಂ ಅಂದಿತು. ನನ್ನ ಕಡ್ಡಿ 640ರ ಆಸುಪಾಸು. ಈಗ ನಗುತ್ತಿಲ್ಲ.

ಇಲ್ಲಿಗೆ ಬರಲು ಒಂದೂವರೆ ವರ್ಷ ಹಿಡಿಯಿತು. ಮೊದಲು ಎಲ್ಲರ ಹಾಗೆ ಗ್ಲಾಸಿ ಕಾರ್ಬನ್ (ಗಾಜಿನಂಥ ಇಂಗಾಲದ ಎಲೆಕ್ಟ್ರೋಡ್) ಮೇಲೆ, ಸಿಟ್ರೇಟ್ ಹಾಕಿ ಮಾಡಿದ ಚಿನ್ನದ ನ್ಯಾನೊಕಣದ ದ್ರಾವಣ ಹನಿಸಿ ಒಣಗಿಸಿದೆ. ಕೆಂಪಗೆ ಬರಬೇಕಾದ ದ್ರಾವಣ ಎರಡು ಸಲ ನೇರಳೆಯಾಗಿ ಕೆಟ್ಟಿತು. ಫ್ಲಾಸ್ಕನ್ನು ಆಕ್ವಾ ರೀಜಿಯಾದಲ್ಲಿ (ಚಿನ್ನವನ್ನೂ ಕರಗಿಸುವ ಆಮ್ಲ ಮಿಶ್ರಣ) ತೊಳೆಯದೆ ಸೋಮಾರಿತನ ಮಾಡಿದ್ದೆ. ಬಣ್ಣ ಸರಿಬಂದಾಗ ಪದರ ಕೈಕೊಟ್ಟಿತು. ಹನಿಯ ಅಂಚಿಗೆ ಕಾಫಿ ಲೋಟದ ಕಲೆಯಂಥ ಉಂಗುರ, ನಡುವೆ ಏನೂ ಇಲ್ಲ.

ಈ ಕಣ ಮಾಡುವ ಚಿನ್ನದ ಕ್ಲೋರೈಡಿಗೆ ಗ್ರಾಂಗೆ ಹತ್ತು ಸಾವಿರದ ಮೇಲೆ ಕೊಟ್ಟ ನೆನಪು. ನಮ್ಮ ಹುಡುಗ ಅದಕ್ಕೆ ಸ್ಟೀಲ್ ಸ್ಪ್ಯಾಚುಲಾ (ಲ್ಯಾಬಿನ ಚಮಚ) ಹಾಕಿದ. ಚಿನ್ನ ಸ್ಪ್ಯಾಚುಲಾ ಮೇಲೇ ಕೂತಿತು! ಆ ದಿನ ಊಟ ಸೇರಲಿಲ್ಲ.

ನಡುವೆ ತುಳಸಿ ಕಷಾಯದಲ್ಲಿ ನ್ಯಾನೊಕಣ ಮಾಡುವ ಹುಚ್ಚೂ ಹತ್ತಿತ್ತು. ಪೀಕ್ ಏನೋ ಭರ್ಜರಿ ಬಂತು. ಮಾತ್ರೆ ಹಾಕದೇ ಇದ್ದಾಗಲೂ ಬಂತು! ಎಲೆಯ ಪಾಲಿಫೀನಾಲ್‌ಗಳೂ ಅದೇ ವೋಲ್ಟೇಜಿನ ಹತ್ತಿರ ಆಕ್ಸಿಡೈಸ್ ಆಗುತ್ತವೆ, ಅಲ್ವಾ? ಅಲ್ಲಿಗೆ ತುಳಸಿ ಮತ್ತೆ ಕಟ್ಟೆಗೆ ಹೋಯಿತು.

ಕೊನೆಗೆ 0.7 ಮಿಲಿಮೀಟರ್ ಪೆನ್ಸಿಲ್ ಕಡ್ಡಿ. ಡಬ್ಬಿಗೆ ಹದಿನೈದು ರೂಪಾಯಿ. ಫಾಸ್ಫೇಟ್ ಬಫರಿನಲ್ಲಿ 1.4 ವೋಲ್ಟ್ ಹತ್ತಿರ ಒಂದು ನಿಮಿಷ ಇಟ್ಟು ಮೇಲ್ಮೈ ಹದಮಾಡಿ, ಆಮೇಲೆ ತೆಳು ಚಿನ್ನದ ದ್ರಾವಣದಿಂದ ಕರೆಂಟ್ ಹರಿಸಿಯೇ ಕಣ ಕೂರಿಸಿದೆ. ಪದರ ಏಳಲಿಲ್ಲ. ಪಿಎಚ್ 7ರಲ್ಲಿ ಪ್ಯಾರಾಸಿಟಮಾಲ್ ಪೀಕ್ 0.35ರಿಂದ 0.4 ವೋಲ್ಟಿನೊಳಗೆ ಚೂಪಾಗಿ ನಿಂತಿತು. ಒಂದು ಮಾದರಿಗೆ ಒಂದು ಕಡ್ಡಿ, ಮುಗಿದ ಮೇಲೆ ಕಸದ ಬುಟ್ಟಿಗೆ. ಮೇಲ್ಮೈ ಕೊಳೆಯಾಗಿ ಸಿಗ್ನಲ್ ಇಳಿಯುವ ತಲೆನೋವೇ ಇಲ್ಲ. ಕಡ್ಡಿಯಿಂದ ಕಡ್ಡಿಗೆ ನಾಲ್ಕೈದು ಶೇಕಡಾ ಹೆಚ್ಚುಕಮ್ಮಿ ಇರುತ್ತದೆ. ಅದಕ್ಕೇ ಪ್ರತಿ ಕಡ್ಡಿಯಲ್ಲೂ ಸ್ಟ್ಯಾಂಡರ್ಡ್ ಅಡಿಷನ್ ಮಾಡುತ್ತೇನೆ, ಅಂದರೆ ಗೊತ್ತಿರುವಷ್ಟು ಔಷಧಿ ಸೇರಿಸಿ ಪೀಕ್ ಎಷ್ಟು ಏರಿತು ಅಂತ ನೋಡಿ ಲೆಕ್ಕ ಹಾಕುತ್ತೇನೆ. ನಾಲ್ಕು ಕಂಪನಿಯ ಕಡ್ಡಿ ನೋಡಿದೆ, ಒಂದೇ ಸರಿಹೋಯಿತು. ಯಾವುದು ಅಂತ ಕೇಳಬೇಡಿ. ಕಣ ಕೂರಿಸುವ ಸಮಯವನ್ನೂ ಹೇಳುವುದಿಲ್ಲ.

ಒಂದು ನಾಚಿಕೆಯ ಸಂಗತಿ. ಮೊದಮೊದಲು ಉತ್ತರ ಹನ್ನೆರಡು ಶೇಕಡಾ ಕಡಿಮೆ ಬರುತ್ತಿತ್ತು. ಎರಡು ವಾರ ಸೆನ್ಸರನ್ನೇ ಬೈದೆ. ನೋಡಿದರೆ 650 ಮಿಲಿಗ್ರಾಂ ಪುಡಿ ತೂಗಿ, ಅದೆಲ್ಲ ಔಷಧಿಯೇ ಅಂದುಕೊಂಡಿದ್ದೆ. ಇಡೀ ಮಾತ್ರೆಯೇ 740ರಷ್ಟು ತೂಗುತ್ತಿತ್ತು. ಮಾತ್ರೆ ಕಟ್ಟಲು ಸೇರಿಸುವ ಪಿಷ್ಟ, ಸ್ಟಿಯರೇಟ್ ಎಲ್ಲ ಮರೆತೇ ಹೋಗಿತ್ತು! ಈಗ ಇಪ್ಪತ್ತು ಮಾತ್ರೆ ತೂಗಿ, ಒಟ್ಟಿಗೆ ಅರೆದು, ಸರಾಸರಿ ತೂಕದ ಲೆಕ್ಕದಲ್ಲಿ ಪುಡಿ ತೆಗೆಯುತ್ತೇನೆ.

ಕೆಫೀನ್ ಸೇರಿದ ಮಾತ್ರೆ ಮಾತ್ರ ಇನ್ನೂ ಆಟ ಆಡಿಸುತ್ತಿದೆ. ಕೆಫೀನ್ ಪೀಕ್ ಮೇಲೆಲ್ಲೋ 1.3 ವೋಲ್ಟ್ ದಾಟಿ ಬರುತ್ತದೆ, ಅಲ್ಲಿ ಹಿನ್ನೆಲೆ ಕರೆಂಟೇ ಅದನ್ನು ನುಂಗುತ್ತದೆ. ಆ ದುಬಾರಿ ಚಿನ್ನದ ಕ್ಲೋರೈಡಿನಲ್ಲಿ ಅರ್ಧಕ್ಕಿಂತ ಜಾಸ್ತಿ ಇನ್ನೂ ಇದೆ. ಈ ಸಲ ಪ್ಲಾಸ್ಟಿಕ್ ಚಮಚ.