ಸ್ಟ್ರೋಲರ್ ತಾನಾಗಿ ಮಡಚಿಕೊಂಡಾಗ

ನಾನು ಮಾಡಿದ ಮಾದರಿ ಸ್ಟ್ರೋಲರ್‌ನಲ್ಲಿ (ಮಗುವನ್ನು ಕೂರಿಸಿ ತಳ್ಳುವ, ಮಡಚಬಹುದಾದ ಗಾಡಿ) 15 ಕಿಲೋ ಮರಳಿನ ಚೀಲ ಕೂರಿಸಿ ರಸ್ತೆ ಉಬ್ಬಿನ ಮೇಲೆ ಹಾಯಿಸಿದೆ. ಎರಡನೆಯ ಉಬ್ಬಿಗೇ ಮಡಚಿಕೊಂಡಿತು. ಚೀಲದ ಜಾಗದಲ್ಲಿ ಮಗುವಿದ್ದಿದ್ದರೆ? ಅಂದು ರಾತ್ರಿ ನಿದ್ದೆ ಬರಲಿಲ್ಲ.

ಛತ್ರಿಯಂತೆ ಮಡಚುವ ಈ ವಿನ್ಯಾಸವನ್ನು 1965ರಲ್ಲಿ ರೂಪಿಸಿದವರು ಓವೆನ್ ಮ್ಯಾಕ್ಲಾರೆನ್. ಸ್ಪಿಟ್‌ಫೈರ್ ವಿಮಾನದ ಚಕ್ರವ್ಯವಸ್ಥೆಯಲ್ಲಿ ಕೆಲಸ ಮಾಡಿದ್ದ ಎಂಜಿನಿಯರ್. ಹಿಂಬದಿಯಲ್ಲಿ ಕೀಲಿನಿಂದ ಕೂಡಿದ ಎರಡು ಕೊಂಡಿಗಳು (ಜೋಡುಪಟ್ಟಿಗಳು) ನೇರವಾದಾಗ ಚೌಕಟ್ಟು ಬಿಗಿಯಾಗಿ ನಿಲ್ಲಬೇಕು. ನನ್ನ ತಪ್ಪು ಅಲ್ಲಿಯೇ ಇತ್ತು. ಕೊಂಡಿಗಳು ಸರಿಯಾಗಿ ನೇರರೇಖೆಯಲ್ಲೇ ನಿಲ್ಲುತ್ತಿದ್ದವು. ರಿವೆಟ್ ತೂತು ಒಂದಿಷ್ಟು ಸಡಿಲವಾದರೂ ಸಾಕು, ಕುಲುಕಾಟಕ್ಕೆ ಅವು ಹಿಂದಕ್ಕೆ ಬಾಗುತ್ತಿದ್ದವು.

ಕೊಂಡಿಗಳು ಎಲ್ಲಿಯವರೆಗೆ ತಿರುಗಬಹುದೆಂದು ನಿರ್ಧರಿಸುವ ತಡೆಗಟ್ಟೆಯನ್ನು ಕೆಳಗಿಳಿಸಿ, ಕೊಂಡಿಗಳು ನೇರರೇಖೆಯನ್ನು ನಾಲ್ಕು ಡಿಗ್ರಿ ದಾಟಿ ಕೂರುವಂತೆ ಮಾಡಿದೆ. ಈಗ ಮಗುವಿನ ಭಾರವೇ ಅವನ್ನು ಇನ್ನಷ್ಟು ಬಿಗಿಯಾಗಿ ಒತ್ತುತ್ತದೆ. ಜೊತೆಗೆ, ಗಾಡಿಯನ್ನು ಬಿಡಿಸಿದ ಕೂಡಲೇ ತಾನಾಗಿ ಬೀಳುವ ಸ್ಪ್ರಿಂಗ್ ಚಿಲಕವೊಂದನ್ನು ಪ್ರತ್ಯೇಕವಾಗಿ ಇಟ್ಟೆ. ಮಡಚಲು ಎರಡು ಬೇರೆ ಬೇರೆ ಕ್ರಿಯೆಗಳು ಬೇಕು. ಒಂದೇ ಗುಂಡಿಯ ಸೌಕರ್ಯವನ್ನು ನಾನು ನಂಬುವುದಿಲ್ಲ.

ಉಳಿದದ್ದು ಸಂದಿಗೆ ಸಿಕ್ಕಿ ಜಜ್ಜಬಹುದಾದ ಬೆರಳಿನ ಪ್ರಶ್ನೆ. ಆಟಿಕೆಗಳ ಕೀಲುಗಳಿಗೆ ಅನ್ವಯಿಸುವ ಅಳತೆಯನ್ನೇ ತೆಗೆದುಕೊಂಡೆ: 5 ಮಿ.ಮೀ. ಕಡ್ಡಿ ತೂರುವ ಸಂದಿಯಲ್ಲಿ 12 ಮಿ.ಮೀ. ಕಡ್ಡಿಯೂ ತೂರಬೇಕು, ಅಂದರೆ ಬೆರಳು ಹೊಕ್ಕರೂ ಜಜ್ಜದಷ್ಟು ಅಗಲವಿರಬೇಕು. ಕತ್ತರಿಯಂತೆ ಕೂಡುವ ಕಡೆ ಅದು ಸಾಧ್ಯವಾಗಲಿಲ್ಲ. ಅಲ್ಲಿಗೆ ಬಟ್ಟೆಯ ಬದಲು ಗಟ್ಟಿ ಪ್ಲಾಸ್ಟಿಕ್ ಮುಚ್ಚಳ ಹಾಕಿದೆ. ಮಡಚಿದ ಅಗಲ ಎರಡು ಸೆಂಟಿಮೀಟರ್ ಹೆಚ್ಚಿತು.

ಅದೇ ಚೀಲ, ಅದೇ ಉಬ್ಬು, ಇನ್ನೂರು ಸಲ. ಕೊಂಡಿಗಳು ಅಲುಗಲಿಲ್ಲ.