ತಲೆಗೆ ಬಡಿದ ಡಿಕ್ಕಿ ಬಾಗಿಲು

ಬ್ಯಾಡಗಿಯಲ್ಲಿ ಮೆಣಸಿನಕಾಯಿ ಚೀಲ ಇಡುವಾಗ ನಮ್ಮ ದೊಡ್ಡ ಗಾಡಿಯ ಹಿಂದಿನ ಬಾಗಿಲು ಸೀದಾ ತಲೆಗೆ ಬಡಿಯಿತು. ಬಾಗಿಲು ಎತ್ತಿ ಹಿಡಿಯುವ ಶಾಕ್‌ಗಳಲ್ಲಿ ತುಂಬಿರುವ ನೈಟ್ರೋಜನ್ ಗ್ಯಾಸ್ ಸೋರಿತ್ತು. ರಾಡ್ ಮೇಲೆ ಎಣ್ಣೆ ಜಿಡ್ಡು ಬೇರೆ.

ಹಳೆಯದರ ಮೇಲಿದ್ದ ನ್ಯೂಟನ್ ನಂಬರ್ (ಎಷ್ಟು ಬಲದಿಂದ ಎತ್ತುತ್ತೆ ಅನ್ನೋದು), ಉದ್ದ ಎರಡನ್ನೂ ನೋಡಿಕೊಂಡು ಹುಬ್ಬಳ್ಳಿಯಲ್ಲಿ ಜೋಡಿ ತಂದೆ. ಒಂದೇ ಸಾಕು ಅಂದ ಅಂಗಡಿಯವರ ಮಾತು ಕೇಳಲಿಲ್ಲ. ಒಂದು ಹಳೆಯದು, ಒಂದು ಹೊಸದು ಇದ್ದರೆ ಬಾಗಿಲು ಸೊಟ್ಟ ಎಳೆಯುತ್ತೆ ಅಲ್ವಾ?

ಬಾಗಿಲಿಗೆ ಬಿದಿರಿನ ಕೋಲು ಕೊಟ್ಟು ಮಗನನ್ನು ನಿಲ್ಲಿಸಿದೆ. "ಅಪ್ಪಾ, ಲಗೂ ಮುಗಸು" ಅಂತ ಅವನ ವರಾತ. ಶಾಕ್‌ನ ತುದಿಯಲ್ಲಿರುವ ಕ್ಲಿಪ್ಪನ್ನು ಸಣ್ಣ ಸ್ಕ್ರೂಡ್ರೈವರ್‌ನಿಂದ ಸ್ವಲ್ಪವೇ ಎತ್ತಿ ಎಳೆಯಬೇಕು. ನಾನು ಜಾಸ್ತಿ ಎತ್ತಿದೆ, ಒಂದು ಎಗರಿ ಗಟಾರಕ್ಕೆ ಬಿತ್ತು. ಹಳೆಯದರದ್ದು, ಬಚಾವ್! ಹೊಸದನ್ನು ಹಳೆಯದು ಇದ್ದ ದಿಕ್ಕಿನಲ್ಲೇ ಒತ್ತಿದೆ. 'ಟಕ್' ಅಂತ ಕೂತಿತು.

ಹಳೆಯವನ್ನು ಗುಜರಿಗೆ ಕೊಡುವಾಗ ಕೊಯ್ಯಬೇಡಿ, ಬೆಂಕಿಗೆ ಹಾಕಬೇಡಿ ಅಂದೆ. ಒಳಗೆ ಇನ್ನೂ ಒತ್ತಡ ಇರುತ್ತದೆ.