ವಿಶೇಷ ನರ್ಸಿಂಗ್ ಕೋರ್ಸ್‌ಗೆ ಮಾನದಂಡ: ಎಲ್ಲರ ಮಾತು ಕೇಳಿ ನಿರ್ಧರಿಸುವುದು ಹೇಗೆ?

ಐಸಿಯು, ಕ್ಯಾನ್ಸರ್, ಡಯಾಲಿಸಿಸ್ ವಿಭಾಗಗಳಿಗೆಂದೇ ವಿಶೇಷ ತರಬೇತಿ ಪಡೆದ ನರ್ಸ್‌ಗೆ ಏನೇನು ಬರಬೇಕು? ಇದನ್ನು ಆ ಕೆಲಸ ಬಲ್ಲವರನ್ನೇ ಕೇಳಬೇಕು. ಆದರೆ ಎಲ್ಲರನ್ನೂ ಒಂದೇ ಮೇಜಿಗೆ ಕೂರಿಸಿದರೆ ದೊಡ್ಡ ಹುದ್ದೆಯವರು ಮಾತಾಡುತ್ತಾರೆ, ಉಳಿದವರು ಸುಮ್ನೆ ತಲೆಯಾಡಿಸುತ್ತಾರೆ. ಅದು ಒಮ್ಮತ ಅಲ್ಲ, ಅಲ್ವಾ?

ಇದಕ್ಕೆ ಡೆಲ್ಫಿ ವಿಧಾನ ಒಳ್ಳೆಯ ದಾರಿ. 1950ರ ದಶಕದಲ್ಲಿ ಅಮೆರಿಕದ ರ‍್ಯಾಂಡ್ ಸಂಶೋಧನಾ ಸಂಸ್ಥೆಯಲ್ಲಿ ಶುರುವಾದದ್ದು. ಇಲ್ಲಿ ನರ್ಸ್‌ಗೆ ಏನು ಬರಬೇಕೆಂಬ ಒಂದೊಂದು ಹೇಳಿಕೆಗೂ ಪ್ರಶ್ನಾವಳಿಯಲ್ಲೇ ಅಂಕ, ಅಭಿಪ್ರಾಯ ಕೊಡಬೇಕು. ಯಾರು ಏನು ಬರೆದರೆಂದು ಗುಂಪಿಗೆ ತಿಳಿಯುವುದಿಲ್ಲ.

ಮೊದಲು ತಂಡ ಕಟ್ಟಿ. ಪಾಠ ಮಾಡುವವರು, ವೈದ್ಯರು, ರೋಗಿಗಳು, ಅವರ ಮನೆಯವರು ಇರಲಿ. ರಾತ್ರಿ ಪಾಳಿ ಮಾಡುವ ನರ್ಸ್‌ಗಳಂತೂ ಇರಲೇಬೇಕು.

ಎಷ್ಟು ಜನ ಒಪ್ಪಿದರೆ ಒಮ್ಮತ ಎಂಬುದನ್ನು ಆಗಲೇ ಬರೆದಿಡಿ. ಉದಾಹರಣೆಗೆ, 1ರಿಂದ 9ರ ಅಂಕದಲ್ಲಿ ಶೇ 75ರಷ್ಟು ಜನ 7 ಅಥವಾ ಜಾಸ್ತಿ ಕೊಡಬೇಕು. ಫಲಿತಾಂಶ ನೋಡಿದ ಮೇಲೆ ಈ ಗೆರೆ ಇಳಿಸುವುದು ಮೋಸ.

ಜಾಸ್ತಿ ಸಮಯ ಕೊಡಬೇಕಾದದ್ದು ಹೇಳಿಕೆಗಳನ್ನು ಬರೆಯಲು. ‘ವೆಂಟಿಲೇಟರ್ ಬಗ್ಗೆ ತಿಳಿವಳಿಕೆ ಇರಬೇಕು’ ಎಂದರೆ ಯಾರು ಬೇಡ ಅಂತಾರೆ? ಎಲ್ಲರೂ 9 ಕೊಡುತ್ತಾರೆ, ಪ್ರಯೋಜನವಿಲ್ಲ. ‘ಅಲಾರಂ ಹೊಡೆದಾಗ ಯಂತ್ರಕ್ಕಿಂತ ಮೊದಲು ರೋಗಿಯನ್ನು ಪರೀಕ್ಷಿಸುತ್ತಾರೆ’ ಎಂದು ಬರೆಯಿರಿ. ಇದನ್ನು ಕಲಿಸಬಹುದು, ಪಕ್ಕದಲ್ಲಿ ನಿಂತು ನೋಡಿ ಅಂಕವನ್ನೂ ಕೊಡಬಹುದು. ಒಂದು ಹೇಳಿಕೆಯಲ್ಲಿ ಒಂದೇ ವಿಷಯ ಇರಲಿ. ‘ಔಷಧದ ಡೋಸ್ ಲೆಕ್ಕ ಹಾಕುತ್ತಾರೆ ಮತ್ತು ಮನೆಯವರಿಗೆ ವಿವರಿಸುತ್ತಾರೆ’ ಎಂದರೆ, ಒಂದನ್ನು ಒಪ್ಪಿ ಇನ್ನೊಂದನ್ನು ಒಪ್ಪದವರು ಎಷ್ಟು ಅಂಕ ಕೊಡಬೇಕು?

ಮೊದಲ ಸುತ್ತಿನಲ್ಲಿ ಅಂಕದ ಜೊತೆ ಕಾರಣವನ್ನೂ ಕೇಳಿ. ಎರಡನೇ ಸುತ್ತಿನಲ್ಲಿ ಪ್ರತಿಯೊಬ್ಬರಿಗೂ ಅವರ ಅಂಕ, ಗುಂಪಿನ ಮಧ್ಯದ ಅಂಕ (ಎಲ್ಲರ ಅಂಕಗಳನ್ನು ಸಾಲಾಗಿ ಜೋಡಿಸಿದಾಗ ನಡುವೆ ಬರುವುದು), ಉಳಿದವರ ಕಾರಣಗಳನ್ನು ಹೆಸರಿಲ್ಲದೆ ತೋರಿಸಿ. ಬೇಕಿದ್ದರೆ ಅಂಕ ಬದಲಿಸಲಿ. ಬದಲಿಸದವರನ್ನು ಒತ್ತಾಯಿಸಬೇಡಿ, ಅವರ ಕಾರಣವನ್ನು ಎರಡು ಸಲ ಓದಿ. ಸಾಮಾನ್ಯವಾಗಿ ಎರಡು ಅಥವಾ ಮೂರು ಸುತ್ತು ಸಾಕು. ಆಮೇಲೆ ಜನ ಬೇಸತ್ತು ಬಿಟ್ಟುಹೋಗುತ್ತಾರೆ.

ಆದರೂ ಬಗೆಹರಿಯದ ಹೇಳಿಕೆಗಳಿಗೆ ಸಣ್ಣ ಗುಂಪನ್ನು ಎದುರುಬದುರು ಕೂರಿಸಬಹುದು. ಮೊದಲು ಎಲ್ಲರೂ ಮಾತಿಲ್ಲದೆ ಬರೆಯಲಿ. ನಂತರ ಸರದಿಯಂತೆ ಒಬ್ಬೊಬ್ಬರೂ ಒಂದೊಂದು ಅಂಶ ಓದಲಿ. ಚರ್ಚೆ ಆದ ಮೇಲೆ ಮತ ಗುಟ್ಟಾಗಿರಲಿ. ಇದಕ್ಕೆ ನಾಮಿನಲ್ ಗ್ರೂಪ್ ವಿಧಾನ ಎನ್ನುತ್ತಾರೆ.

ಒಪ್ಪಿಗೆ ಸಿಗದವನ್ನು ಅಳಿಸಬೇಡಿ. ಕಾರಣ ಸಮೇತ ವರದಿಯಲ್ಲಿ ಹಾಕಿ. ಮುಂದಿನ ಪರಿಷ್ಕರಣೆ ಮಾಡುವವರು ಅಲ್ಲಿಂದಲೇ ಶುರು ಮಾಡಬೇಕಾಗುತ್ತದೆ.